ಬತ್ತಿಸುವ ಮಾತ್ರೆ

ತೋರುಬೆರಳು, ನಡುಬೆರಳು ಎರಡನ್ನೂ ಜೋಡಿಸಿ ಮುಂದೆ ಚಾಚಿ "ಗಟ್ಟಿಯಾಗಿ ಹಿಡಿ" ಎನ್ನುತ್ತೇನೆ. ರೋಗಿ ಹಿಡಿಯುತ್ತಾರೆ. ಕೈಯಲ್ಲಿ ಬಲ ಎಷ್ಟಿದೆ, ಎಡಕ್ಕೂ ಬಲಕ್ಕೂ ವ್ಯತ್ಯಾಸವಿದೆಯೇ, ಹಿಡಿಯುವಾಗ ಮುಖ ಕಿವುಚುತ್ತಾರೆಯೇ ಎಂದು ತಿಳಿಯಲು ಇಷ್ಟು ಸಾಕು. ಸಲಕರಣೆ ಬೇಡ. ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ವಾರ್ಡಿನಲ್ಲಿ ಕಲಿತದ್ದು, ಈಗಲೂ ಬಿಟ್ಟಿಲ್ಲ.

ಆ ಹೆಂಗಸು ಮೊದಲ ಸಲ ಹಿಡಿದಾಗ ನಾನು ನಕ್ಕುಬಿಟ್ಟೆ. ಎಲ್ಲರೂ ನಾಲ್ಕು ಬೆರಳನ್ನೂ ಒಟ್ಟಿಗೆ ಮುಚ್ಚಿ ಹಿಸುಕುತ್ತಾರೆ. ಇವಳು ಹೆಬ್ಬೆರಳು, ತೋರುಬೆರಳಿನಿಂದ ಬುಡವನ್ನು ಬಿಗಿದಳು. ಆಮೇಲೆ ನಡುಬೆರಳು, ಉಂಗುರಬೆರಳು, ಕಿರುಬೆರಳು ಎಂದು ಒಂದರ ಹಿಂದೆ ಒಂದನ್ನು ಮುಚ್ಚುತ್ತ ಕೆಳಗಿಳಿದಳು.

"ನನ್ನ ಬೆರಳಲ್ಲಿ ಹಾಲು ಬರಲ್ಲ ಕಣಮ್ಮ" ಎಂದೆ.

ಅವಳೂ ನಕ್ಕಳು. "ಕೈ ಅಂಗೇ ಓಯ್ತದೆ ಸಿಸ್ಟರಮ್ಮ. ಚಿಕ್ಕೋಳಿದ್ದಾಗಿಂದ ಕರ್ದೂ ಕರ್ದೂ ಅದಕ್ಕೆ ಬೇರೆ ಇಡಿಯೋದು ಗೊತ್ತಿಲ್ಲ."

ನನಗೆ ಅದು ಅರ್ಥವಾಯಿತು. ಈಗಿನದು ಗುಂಡಿ ಒತ್ತುವ ಥರ್ಮಾಮೀಟರು. ಪಾದರಸ ಇಳಿಸುವ ಕೆಲಸವೇ ಇಲ್ಲ. ಆದರೂ ಪೆಟ್ಟಿಗೆಯಿಂದ ತೆಗೆದ ಕೂಡಲೇ ನನ್ನ ಮಣಿಕಟ್ಟು ಅದನ್ನು ಕೊಡವಿಯೇ ತೀರುತ್ತದೆ.

ಇದು ನಡೆದದ್ದು ಬಂಗಾರಪೇಟೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರನ್ನು ಅಲ್ಲಿ ಗುರುವಾರ ನೋಡುತ್ತೇವೆ. ಗಾಯ ತೊಳೆಯುವುದು, ಬಿ.ಪಿ. ನೋಡುವುದು, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸುವುದು, ಅನುಮಾನ ಬಂದರೆ ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡುವುದು ನನ್ನ ಕೆಲಸ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲಿಗೆ ಊರಿಗಾಂನಲ್ಲಿ ಹತ್ತುತ್ತೇನೆ. ಗಣಿಯ ಸೈರನ್ ನಿಂತು ಎಷ್ಟೋ ವರ್ಷವಾಯಿತು, ನನ್ನ ದಿನ ಮಾತ್ರ ಇನ್ನೂ ಪಾಳಿಯ ಪ್ರಕಾರವೇ ಏಳುತ್ತದೆ.

ಅವಳು ಬೂದಿಕೋಟೆ ಕಡೆಯವಳು. ಐವತ್ತು ದಾಟಿತ್ತು, ಮುಟ್ಟು ನಿಂತಿತ್ತು. ಎಡ ಎದೆಯನ್ನು ತೆಗೆದಿದ್ದರು. ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಆ ಕೈಗೆ ಬಿ.ಪಿ. ಪಟ್ಟಿ ಕಟ್ಟುವಂತಿಲ್ಲ, ಸೂಜಿ ಚುಚ್ಚುವಂತಿಲ್ಲ. ಕೀಮೋ ಮುಗಿದಿತ್ತು, ಕರೆಂಟು ಎಂದು ಜನ ಕರೆಯುವ ವಿಕಿರಣ ಕೊಡುವುದೂ ಮುಗಿದಿತ್ತು. ಉಳಿದದ್ದು ದಿನಕ್ಕೊಂದು ಮಾತ್ರೆ, ಐದು ವರ್ಷ. ಕಾಯಿಲೆ ಮತ್ತೆ ಬರದಂತೆ ತಡೆಯುವುದು ಆ ಮಾತ್ರೆ. ಅದನ್ನು ಆಸ್ಪತ್ರೆಯವರು, ನಾವು, ಔಷಧದ ಅಂಗಡಿಯವರು ಎಲ್ಲರೂ ಕರೆಯುತ್ತಿದ್ದದ್ದು ಹಾರ್ಮೋನ್ ಮಾತ್ರೆ ಎಂದು.

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ಗುರುವಾರ ಅವಳ ಕೈಯಿಂದ ಟೋಕನ್ ಬಿಲ್ಲೆ ನೆಲಕ್ಕೆ ಬಿತ್ತು. ಅವಳು ಬಗ್ಗಲಿಲ್ಲ. ಅದನ್ನು ಪಾದದಿಂದ ಮೆಲ್ಲಗೆ ಗೋಡೆಯವರೆಗೆ ತಳ್ಳಿ, ಗೋಡೆಗೆ ಕೈಯೂರಿ, ಜಾರುತ್ತ ಕೆಳಗಿಳಿದು ಎತ್ತಿಕೊಂಡಳು. ಬೆಂಚಿನಿಂದ ಏಳುವಾಗ ಮೊದಲು ಅರ್ಧ ಎದ್ದು, ಅಲ್ಲೇ ನಿಂತು, ಉಸಿರು ತೆಗೆದುಕೊಂಡು, ಪೂರ್ತಿ ಎದ್ದಳು.

"ಕೀಲು ನೋವಾ?" ಎಂದೆ.

"ಏನಿಲ್ಲ ಸಿಸ್ಟರಮ್ಮ."

ಈ "ಏನಿಲ್ಲ" ನನಗೆ ಚೆನ್ನಾಗಿ ಗೊತ್ತು. ಗಣಿಯಿಂದ ಮೇಲೆ ತಂದ ಗಂಡಸರೂ ಸ್ಟ್ರೆಚರಿನ ಮೇಲೆ ಮಲಗಿ ಅದನ್ನೇ ಹೇಳುತ್ತಿದ್ದರು. ಬೆರಳು ಚಾಚಿದೆ. ಹಿಡಿದಳು. ಮೇಲಿನಿಂದ ಕೆಳಗೆ ಎಂಬ ಕ್ರಮ ಹಾಗೆಯೇ ಇತ್ತು, ಆದರೆ ನಡುಬೆರಳಿಗೆ ಬರುವಷ್ಟರಲ್ಲಿ ತುಟಿ ಕಚ್ಚಿದಳು.

ಈ ಮಾತ್ರೆ ತೆಗೆದುಕೊಳ್ಳುವ ಎಷ್ಟೋ ಹೆಂಗಸರಿಗೆ ಕೀಲು ನೋವು ಬರುತ್ತದೆ. ಆದರೆ ಬಂದ ನೋವೆಲ್ಲ ಮಾತ್ರೆಯದೇ ಎಂದು ಸುಮ್ಮನಾಗುವಂತಿಲ್ಲ. ಇದೇ ಕಾಯಿಲೆ ಮೂಳೆಗೂ ಹೋಗಬಲ್ಲದು. ಅದಕ್ಕೇ ಕೇಳುವುದಕ್ಕೆ ಒಂದು ಕ್ರಮವಿದೆ. ಎರಡೂ ಕಡೆ ಒಂದೇ ರೀತಿ ಇದೆಯೇ? ಬೆಳಿಗ್ಗೆ ಹೆಚ್ಚೇ? ಓಡಾಡಿದರೆ ಬಿಟ್ಟುಕೊಳ್ಳುತ್ತದೆಯೇ? ಹಾಗಿದ್ದರೆ ಬಹುತೇಕ ಮಾತ್ರೆಯದು. ಬೆನ್ನಿನಲ್ಲೋ ಸೊಂಟದಲ್ಲೋ ಒಂದೇ ಜಾಗ ಹಿಡಿದುಕೊಂಡು, ಮಲಗಿದರೂ ಬಿಡದೆ ಕೊರೆಯುತ್ತದೆಯೇ? ಹಾಗಿದ್ದರೆ ಅವತ್ತೇ ಬೆಂಗಳೂರಿಗೆ.

ಅವಳದು ಎರಡೂ ಕೈ, ಎರಡೂ ಮಂಡಿ. ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ, ಬಿಸಿಲೇರಿದ ಮೇಲೆ ಪರವಾಗಿಲ್ಲ. ಆದರೆ ಹಾಲು ಕರೆಯುವುದು ಬಿಸಿಲೇರುವ ಮೊದಲು. ಡೇರಿಯಲ್ಲಿ ಹಾಲು ಅಳೆಯುವುದು ಇವಳ ಬೆರಳಿಗಾಗಿ ಕಾಯುವುದಿಲ್ಲ.

ರಕ್ತ ಪರೀಕ್ಷೆಗೆ ಬರೆಸಿದೆ. ವಿಟಮಿನ್ ಡಿ ತೀರಾ ಕಡಿಮೆ ಇತ್ತು, ಅದಕ್ಕೆ ಔಷಧಿ ಶುರುವಾಯಿತು. ಎದ್ದ ಕೂಡಲೇ ಕೈಗಳನ್ನು ಬಿಸಿನೀರಿನಲ್ಲಿಟ್ಟು ಮುಷ್ಟಿ ಮುಚ್ಚಿ ತೆರೆಯಲು ಹೇಳಿದೆ. ದಿನಾ ನಡೆಯಬೇಕು, ಕೊಟ್ಟಿಗೆಗೂ ಮನೆಗೂ ಓಡಾಡಿದ್ದು ಲೆಕ್ಕಕ್ಕಿಲ್ಲ ಎಂದೆ. ನೋವು ಜಾಸ್ತಿಯಾದ ದಿನಕ್ಕೆ ಪ್ಯಾರಾಸಿಟಮಾಲ್, ಅದೂ ಎಷ್ಟು ಎಂದು ತಿಳಿಸಿದೆ. ಎಲ್ಲದಕ್ಕೂ "ಊಂ ಸಿಸ್ಟರಮ್ಮ" ಎಂದಳು. ಒಂದು ಪ್ರಶ್ನೆ ಕೇಳಲಿಲ್ಲ. ರೋಗಿ ಒಂದೂ ಪ್ರಶ್ನೆ ಕೇಳದೆ ಎಲ್ಲ ಒಪ್ಪಿಕೊಂಡರೆ ನನಗೆ ಸಮಾಧಾನವಾಗುವುದಿಲ್ಲ.

ಅದಾದ ಮೇಲೆ ಅವಳು ಎರಡು ಸಲ ಬಂದಳು. ನೋವು ಹಾಗೆಯೇ ಇತ್ತು, "ಏನಿಲ್ಲ" ಎಂಬುದೂ ಹಾಗೆಯೇ ಇತ್ತು. ಮೂರನೆಯ ಸಲ ಬಂದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿ ಬಂದಳು. ಬೆಂಚಿನ ಮೇಲೆ ಕೂತಳು, ಹೆಸರು ಕರೆದ ಕೂಡಲೇ ಚಟ್ಟನೆ ಎದ್ದಳು. ಬೆರಳು ಚಾಚಿದರೆ ಕಿರುಬೆರಳಿನವರೆಗೂ ಸಲೀಸಾಗಿ ಇಳಿದಳು.

ಪಕ್ಕದಲ್ಲಿದ್ದವರು "ನೋಡಿ, ಎಷ್ಟು ಚೆನ್ನಾಗಿ ಗುಣವಾಗಿದ್ದಾಳೆ" ಎಂದರು. ನನಗೆ ಹೆದರಿಕೆಯಾಯಿತು. ಬಿಸಿನೀರು, ನಡಿಗೆಯಿಂದ ಈ ನೋವು ತಗ್ಗುತ್ತದೆ, ಹೀಗೆ ಒರೆಸಿ ಹಾಕಿದಂತೆ ಹೋಗುವುದಿಲ್ಲ. ಹೀಗೆ ಹೋಗುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ.

"ಮಾತ್ರೆ ತಗೋತಾ ಇದೀಯಲ್ಲಮ್ಮ?"

"ತಗೊಂತಾ ಇವ್ನಿ" ಎಂದಳು, ನನ್ನ ಭುಜದ ಮೇಲಿಂದ ಗೋಡೆ ನೋಡುತ್ತ.

ಅಲ್ಲಿ ಎಲ್ಲರ ಎದುರಿಗೆ ಜಗ್ಗಾಡಲಿಲ್ಲ. ಶನಿವಾರ ಮಧ್ಯಾಹ್ನ ಬಂಗಾರಪೇಟೆಯಿಂದ ಬೂದಿಕೋಟೆ ಬಸ್ಸು ಹತ್ತಿದೆ.

ರಸ್ತೆಯಲ್ಲಿಳಿದು ಟೊಮೆಟೊ ತೋಟದ ಅಂಚಿನಲ್ಲಿ ನಡೆದರೆ ಅವಳ ಮನೆ. ಗಂಡ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ದಿನಾ ಮುಂಜಾನೆಯ ರೈಲಿಗೆ ಹೋಗಿ ಬರುವವನು, ಆಗ ಇರಲಿಲ್ಲ. ಅವಳ ಅತ್ತೆ ಅಂಗಳದಲ್ಲಿ ಕೂತು ಮೇವು ಕತ್ತರಿಸುತ್ತಿದ್ದಳು. ನನಗಿಂತ ಸ್ವಲ್ಪ ದೊಡ್ಡವಳಿರಬೇಕು. ನನ್ನ ಚೀಲ ನೋಡಿಯೇ ಯಾರೆಂದು ತಿಳಿದುಕೊಂಡಳು.

"ರಾ ಅಮ್ಮಾ ರಾ. ನೀನೇನಾ ಇವ್ಳಿಗೆ ಬಿಸಿನೀರಾಗೆ ಕೈ ಅದ್ದು ಅಂದೋಳು? ನಮ್ಮ ಸೌದೆ ಎಲ್ಲಾ ಖಾಲಿ."

"ಕೈ ಸರಿಯಾಯ್ತಲ್ಲ?"

"ಸರಿಯಾಗದೇ ಏನು. ಡೇರಿಗೆ ಆಲು ಒಯ್ಯಕ್ಕೆ ಕೈ ನೋವು, ಬಂಗಾರಪೇಟೆ ಬಸ್ಸಿಗೆ ಕಾಲು ಉಸಾರು ಅಂತ ನಾನೇ ಆಡ್ಕಂತಿದ್ದೆ. ಈಗ ಎರಡೂ ಉಸಾರು. ಓಗು, ಕರೀತಾವ್ಳೆ ನೋಡು."

ಕೊಟ್ಟಿಗೆಯಲ್ಲಿ ಒಂದೇ ಹಸು, ಕಪ್ಪು ಬಿಳುಪಿನ ಸೀಮೆಹಸು. ನಾನು ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಬೆಳೆದವಳು, ಹಸುವಿನ ಯಾವ ಮಗ್ಗುಲಿಗೆ ನಿಲ್ಲಬೇಕೆಂದು ಗೊತ್ತಿಲ್ಲ. ಅತ್ತೆ ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದು ಆಚೆಗೆ ಎಳೆದಳು. "ಒದೆ ಬೀಳೋ ಜಾಗ್ದಾಗೇ ಬಂದು ನಿಂತವ್ಳೆ, ಪಾಠ ಓದ್ದೋಳು."

ಅವಳು ನಮ್ಮ ಕಡೆ ತಿರುಗಲಿಲ್ಲ. ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕುಕ್ಕರುಗಾಲಿನಲ್ಲಿ! ಎರಡು ಕೈಯೂ ಒಂದಾದ ಮೇಲೊಂದು ಇಳಿಯುತ್ತಿದ್ದವು, ಬಿಂದಿಗೆಯಲ್ಲಿ ನೊರೆ ಏರುತ್ತಿತ್ತು. ನೋಡಲು ಚೆಂದವಾಗಿತ್ತು. ಮುಗಿಯುವವರೆಗೂ ಕಾದೆ.

ಅವಳು ಎದ್ದು ನನ್ನನ್ನು ನೋಡಿ ನಿಂತುಬಿಟ್ಟಳು.

"ಯಾವಾಗ ನಿಲ್ಲಿಸಿದೆ?" ಎಂದೆ.

ಉತ್ತರ ಕೊಟ್ಟದ್ದು ಅತ್ತೆ. "ಇಬ್ರಿಗೂ ಒಂದೇ ದಿವ್ಸ ನಿಲ್ಸವ್ಳೆ. ಅಸೂಗೂ ನಿಲ್ಸವ್ಳೆ, ತಾನೂ ನಿಲ್ಸವ್ಳೆ."

"ಹಸುಗೆ ಏನು ನಿಲ್ಲಿಸಿದ್ದು?"

"ಅದೇ ಕಣಮ್ಮ, ಆರ್ಮೋನು."

ನಾನು ಅಲ್ಲಿದ್ದ ಹಾಲಿನ ಕ್ಯಾನನ್ನು ಬೋರಲು ಹಾಕಿ ಅದರ ಮೇಲೆ ಕೂತೆ. ಪೂರ್ತಿ ಕೇಳಬೇಕು ಎಂದೆ. ಅವಳು ನೆಲದ ಮೇಲೆ ಕೂತು, ಒಣಗಿದ ಹುಲ್ಲುಕಡ್ಡಿ ಮುರಿಯುತ್ತ ಹೇಳಿದಳು.

ಕಾಯಿಲೆ ಗೊತ್ತಾಗುವುದಕ್ಕೆ ಮೊದಲು ಈ ಹಸು ಕರು ಹಾಕಿತ್ತು. ಕರು ಉಳಿಯಲಿಲ್ಲ. ಕರುವಿಲ್ಲದ ಹಸು ಹಾಲು ಇಳಿಸದೆ ಬಿಗಿಹಿಡಿಯಿತು. ಅದಕ್ಕೊಂದು ಸೂಜಿಯಿದೆ. ಕೊಡಬಾರದು ಎಂದು ಪಶುವೈದ್ಯರು ಹೇಳುತ್ತಾರೆ, ಆದರೂ ಸಿಗುತ್ತದೆ. ಕತ್ತಿಗೆ ಚುಚ್ಚಿದರೆ ಸ್ವಲ್ಪ ಹೊತ್ತಿಗೆ ಹಸು ತನಗೆ ಇಷ್ಟವಿರಲಿ ಇಲ್ಲದಿರಲಿ ಹಾಲು ಇಳಿಸುತ್ತದೆ, ಯಾರ ಕೈಗಾದರೂ ಇಳಿಸುತ್ತದೆ. ಹಳ್ಳಿಗಳಲ್ಲಿ ಅದರ ಹೆಸರು ಹಾರ್ಮೋನ್ ಸೂಜಿ.

"ದಿನಾ ಎರಡೊತ್ತು ಚುಚ್ಚಿದ್ದು ನಾನೇ ಸಿಸ್ಟರಮ್ಮ. ಚುಚ್ಚುವಾಗ ಅದು ಕಣ್ಣು ಅಂಗೇ ನನ್ ಕಡೆ ತಿರುಗಿಸ್ತಿತ್ತು. ಆಮೇಲೆ ನಂಗೆ ಎದೇಲೇ ಗಂಟು ಬಂತು. ಎಲ್ಲಾ ಬಿಟ್ಟು ಎದೇಲೇ. ಆಸ್ಪತ್ರೇಲಿ ಕುಯ್ದಾದ್ಮೇಲೆ ಇನ್ಮೇಲೆ ನಿಂಗೆ ಆರ್ಮೋನು ಅಂದ್ರು. ಅದೇ ಮದ್ದು ನಂಗೂ ಬಂತಲ್ಲಪ್ಪ ಅನ್ಕಂಡೆ. ಕೀಲು ನೋವು ಬಂದಾಗ, ಅದಕ್ಕೂ ಇಂಗೇ ನೋಯ್ತಿತ್ತು, ಬಾಯಿಲ್ಲ ಏಳಕ್ಕಾಗ್ಲಿಲ್ಲ, ನಾನ್ಯಾಕೆ ಏಳ್ಳಿ ಅಂತ ಸುಮ್ಕಿದ್ದೆ."

ಅದಕ್ಕೆ ಆ "ಏನಿಲ್ಲ."

ತನಗೇ ಹೀಗೆ ನೋಯುವಾಗ ಅದಕ್ಕೆ ಇನ್ನೂ ಚುಚ್ಚುವುದು ತಾಳಲಾಗದೆ ಒಂದು ದಿನ ಅವಳು ದೇವರ ಮುಂದೆ ದೀಪ ಹಚ್ಚಿ, ಇನ್ನು ಇಬ್ಬರಿಗೂ ಬೇಡ ಎಂದು ಮಾತು ಕೊಟ್ಟಿದ್ದಳು. ಸೂಜಿಯನ್ನೂ ಬಿಟ್ಟಳು, ಮಾತ್ರೆಯನ್ನೂ ಬಿಟ್ಟಳು. ಹಸು ಕೆಲವು ದಿನ ಹಾಲೇ ಕೊಡಲಿಲ್ಲ. ಇವಳು ಬಿಡದೆ ಕೂತಳು. "ನೀವು ಕೈಗೆ ಏಳಿದ್ರಲ್ಲ ಬಿಸಿನೀರು, ಅದನ್ನೇ ಬಟ್ಟೆಯಾಗೆ ಅದ್ದಿ ಕೆಚ್ಚಲಿಗೆ ಒತ್ತಿದೆ. ತಪ್ಪಾಯ್ತು ಅಂತ ಏಳ್ಕಂಡು ಏಳ್ಕಂಡು ಒತ್ತಿದೆ. ಒಂದು ಸಂಜೆ ತಾನಾಗೇ ಇಳಿಸ್ತು." ಅದೇ ದಿನಗಳಲ್ಲಿ ಇವಳ ಬೆರಳುಗಳೂ ಬಿಟ್ಟುಕೊಂಡವು, ಮಂಡಿಯೂ ಹಗುರವಾಯಿತು. ಹಸು ಕ್ಷಮಿಸಿತು ಎಂಬುದಕ್ಕೆ ಅವಳಿಗೆ ಇನ್ನೇನು ಬೇಕು?

ನಾನು ನಿಯಮ ಹೇಳಿದೆ. ಮಾತ್ರೆ ಬಿಟ್ಟರೆ ಕಾಯಿಲೆ ಮರಳಿ ಬರುವ ಅಪಾಯ ಹೆಚ್ಚುತ್ತದೆ, ಬಂದರೆ ಈ ಸಲ ಎದೆಯಲ್ಲೇ ಬರುತ್ತದೆಂದಿಲ್ಲ, ನಾಳೆಯಿಂದಲೇ ಶುರು ಮಾಡು ಎಂದೆ. ದನಿ ಏರಿತ್ತು. ಅವಳು ತಲೆಯಾಡಿಸಿದಳು.

"ಬಂದ್ರೆ ನಂಗೆ ತಾನೇ ಬರೋದು. ಬರ್ಲಿ ಬಿಡಿ."

ವಾರ್ಡಿನಲ್ಲಿ ನಾನು ಹೇಳಿದ್ದನ್ನು ಮೀರಿದವರು ಕಡಿಮೆ. ಇಲ್ಲಿ ನನ್ನ ದನಿಗೆ ಹಸುವೂ ತಲೆ ಎತ್ತಲಿಲ್ಲ. ಕೂತು ಯೋಚಿಸಿದೆ. ಅವಳು ಹೆದರಿ ಬಿಟ್ಟಿದ್ದಲ್ಲ, ಸೋಮಾರಿತನಕ್ಕೆ ಬಿಟ್ಟಿದ್ದಲ್ಲ. ನೋವಿಗೂ ಬಿಟ್ಟಿದ್ದಲ್ಲ, ನೋವನ್ನು ತಿಂಗಳುಗಟ್ಟಲೆ ನುಂಗಿದ್ದಳು. ಬಿಟ್ಟದ್ದು ಒಂದು ಪದಕ್ಕೆ. ಹಾರ್ಮೋನ್ ಎಂಬುದು ನನಗೆ ಪಾಠದ ಪದ, ಅವಳಿಗೆ ಕೊಟ್ಟಿಗೆಯ ಪದ. ಅದು ಬೇರೆ ಇದು ಬೇರೆ ಎಂದು ನಾನು ಎಷ್ಟು ಹೇಳಿದರೂ ಹೆಸರು ಒಂದೇ ಆಗಿರುವ ತನಕ ಅವಳು ನಂಬುವುದಿಲ್ಲ. ಆ ಪದವನ್ನು ಅವಳ ಮುಂದೆ ಇನ್ನು ಎತ್ತಬಾರದು ಎಂದು ಅಲ್ಲೇ ತೀರ್ಮಾನಿಸಿದೆ. ಬೇರೆ ಪದ ಹುಡುಕಬೇಕಿತ್ತು. ಅದು ನನ್ನ ಹತ್ತಿರ ಇರಲಿಲ್ಲ.

"ಹಾಲು ಇಳಿಸೋಕೆ ಸೂಜಿ ಸರಿ. ಹಾಲು ನಿಲ್ಲಿಸಬೇಕಾದರೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಯಾಕೆ ನಿಲ್ಸೋದು?"

"ನಿಲ್ಲಿಸಲೇಬೇಕು ಅಂದ್ಕೋ."

"ಗಬ್ಬ ತುಂಬ್ತಾ ಬಂದಾಗ ಬತ್ತಿಸ್ತೀವಿ."

"ಹೇಗೆ ಬತ್ತಿಸೋದು?"

ನನ್ನ ದಡ್ಡತನಕ್ಕೆ ಅತ್ತೆ ನಕ್ಕಳು. ಅವಳು ಮಾತ್ರ ತಾಳ್ಮೆಯಿಂದ ಹೇಳಿದಳು. "ಇಂಡಿ, ಬೂಸಾ ಕಮ್ಮಿ ಮಾಡ್ತೀವಿ. ಒಂದೊತ್ತು ಬಿಟ್ಟು ಒಂದೊತ್ತು ಕರೀತೀವಿ. ಆಮೇಲೆ ಬಿಟ್ಟೇಬಿಡ್ತೀವಿ. ತಿನ್ನಕ್ಕಿಲ್ದಿದ್ರೆ ಕೆಚ್ಚಲು ತಾನೇ ಬತ್ತೋಯ್ತದೆ."

"ನಿನ್ನ ಎದೆಯ ಗಂಟಿಗೂ ಒಂದು ಹಿಂಡಿ ಇದೆ ಕಣಮ್ಮ. ಮೈಯಲ್ಲಿ ಊರುವ ಒಂದು ರಸ. ಅದನ್ನ ತಿಂದು ಅದು ಬೆಳೀತಿತ್ತು. ಗಂಟು ತೆಗೆದರು. ಆದರೆ ಕಣ್ಣಿಗೆ ಕಾಣದ ಚೂರು ಎಲ್ಲಾದರೂ ಉಳಿದಿದ್ದರೆ? ಮುಟ್ಟು ನಿಂತ ಮೇಲೂ ಮೈ ಆ ರಸವನ್ನ ಸ್ವಲ್ಪ ಸ್ವಲ್ಪ ತಯಾರು ಮಾಡ್ತಾನೇ ಇರುತ್ತೆ. ಈ ಮಾತ್ರೆ ಅದನ್ನ ನಿಲ್ಲಿಸುತ್ತೆ. ಹಿಂಡಿ ಇಲ್ಲದ ಹಾಗೆ ಮಾಡುತ್ತೆ. ಹಸುಗೆ ಚುಚ್ಚಿದ್ದು ಇಳಿಸೋ ಮದ್ದು. ನಿನಗೆ ಕೊಟ್ಟಿರೋದು ಬತ್ತಿಸೋ ಮದ್ದು."

ಅವಳು ಹುಲ್ಲುಕಡ್ಡಿ ಮುರಿಯುವುದನ್ನು ನಿಲ್ಲಿಸಿದಳು. ಹಸುವಿನ ಕಡೆ ತಿರುಗಿದಳು.

"ಅದಕ್ಕಾ ಕೀಲೆಲ್ಲಾ ಒಣಗಿದಂಗಾಗೋದು?"

"ಅದಕ್ಕೇ. ಆ ರಸ ಕೀಲಿಗೂ, ಮೂಳೆಗೂ ಬೇಕಿತ್ತು. ನಿನ್ನ ನೋವು ಸುಳ್ಳಲ್ಲ. ಯಾರ ಶಾಪವೂ ಅಲ್ಲ."

"ಮೊದ್ಲೇ ಬತ್ತಿಸೋ ಮಾತ್ರೆ ಅನ್ನಕ್ಕೇನಾಗಿತ್ತು ನಿಮ್ಮ ಡಾಕ್ಟ್ರಿಗೆ, ಬಾಯಿ ನೋಯ್ತಿತ್ತಾ?" ಎಂದಳು ಅತ್ತೆ.

ಸೊಸೆ ಅದನ್ನು ಕೇಳಿಸಿಕೊಳ್ಳಲಿಲ್ಲ. "ಸೂಜಿ ಚುಚ್ಚಿದ್ದಕ್ಕೆ ಬಂದಿದ್ದಲ್ವಾ ಅಂಗಾದ್ರೆ?"

"ಅಲ್ಲ. ಹಸು ಮುಟ್ಟದವರಿಗೂ ಬರುತ್ತೆ. ನನ್ನ ಜೊತೆ ನರ್ಸಿಂಗ್ ಕಲಿತವಳಿಗೂ ಬಂದಿತ್ತು. ಊರಿಗಾಂನಲ್ಲಿ ನಮ್ಮ ಪಕ್ಕದ ಲೈನೇ."

"ಉಸಾರಾದ್ರಾ?"

ರೋಗಿಗಳಿಗೆ ನಾನು ಸುಳ್ಳು ಹೇಳುವುದಿಲ್ಲ. "ಇಲ್ಲ" ಎಂದೆ. "ಆ ಕಾಲಕ್ಕೆ ಈ ಮಾತ್ರೆ ನಮ್ಮ ಕಡೆ ಬಂದಿರಲಿಲ್ಲ."

ಅವಳು ಎದ್ದು ಒಳಗೆ ಹೋಗಿ ಮಾತ್ರೆಯ ಪಟ್ಟಿ ತಂದು ನನ್ನ ಕೈಗಿಟ್ಟಳು. ಎಸೆದಿರಲಿಲ್ಲ. ದೇವರ ಗೂಡಿನಲ್ಲಿ ಇಟ್ಟಿದ್ದಳು.

ಸೋಮವಾರ ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಚಿಕ್ಕ ವಯಸ್ಸಿನವರು, ಬೈಯಲಿಲ್ಲ. ಹೇಗೂ ಕೆಲವು ವಾರ ಬಿಟ್ಟಿದ್ದಾರೆ, ನೋವೂ ಹೋಗಿದೆ, ಆದ್ದರಿಂದ ನೋವು ಆ ಮಾತ್ರೆಯದೇ ಎಂದು ಖಾತ್ರಿಯಾಯಿತು, ಈಗ ಅದೇ ಜಾತಿಯ ಇನ್ನೊಂದು ಮಾತ್ರೆ ಕೊಟ್ಟು ನೋಡೋಣ, ಒಬ್ಬರಿಗೆ ಒಂದು ಒಗ್ಗದಿದ್ದರೆ ಇನ್ನೊಂದು ಒಗ್ಗಬಹುದು ಎಂದರು. ಅದಕ್ಕೆ ಮೊದಲು ಮೂಳೆಯ ಸ್ಕ್ಯಾನ್ ಆಗಲಿ ಎಂದರು. ಗಂಡ ಒಂದು ದಿನದ ಕೂಲಿ ಬಿಟ್ಟು ಕರೆದುಕೊಂಡು ಹೋದ. ಕಾಯಿಲೆ ಮೂಳೆಗೆ ಹೋಗಿರಲಿಲ್ಲ. ಮೂಳೆ ಮಾತ್ರ ತೆಳುವಾಗಿತ್ತು.

ಹೊಸ ಮಾತ್ರೆ ಶುರುವಾಯಿತು. ರಾತ್ರಿ ಊಟದ ಮೇಲೆ ತೆಗೆದುಕೊಳ್ಳಲು ಹೇಳಿದೆ. ಬೆಳಿಗ್ಗೆ ಕೊಟ್ಟಿಗೆಗೆ ಹೋಗುವ ಮೊದಲು ಕೈಗೆ ಬಿಸಿನೀರು, ಮುಷ್ಟಿ ಮುಚ್ಚಿ ತೆರೆಯುವುದು, ಮಣಿಕಟ್ಟು ತಿರುಗಿಸುವುದು, ಗೋಡೆಗೆ ಬೆನ್ನಾನಿಸಿ ಮಂಡಿ ಬಗ್ಗಿಸಿ ಏಳುವುದು. ಸಂಜೆ ಡೇರಿಗೆ ಹಾಲು ಹಾಕಿ ಬರುವಾಗ ಸುತ್ತು ದಾರಿಯಲ್ಲಿ ನಡಿಗೆ. ಭಾರದ ಬಿಂದಿಗೆಯನ್ನು ಎಡಗೈಯಲ್ಲಿ ಹೊರಬಾರದು. ಈ ಸಲ ಪ್ರಶ್ನೆಗಳನ್ನು ಕೇಳಿದ್ದಳು, ಅದರಿಂದ ನನಗೆ ನಂಬಿಕೆ ಬಂತು. ನೋವು ಮರಳಿತು, ಮೊದಲಿನಷ್ಟಲ್ಲ. "ಇನ್ನೂ ಬತ್ತಿಸ್ತಾ ಐತೆ ಸಿಸ್ಟರಮ್ಮ" ಎಂದು ಫೋನಿನಲ್ಲಿ ಹೇಳುತ್ತಿದ್ದಳು. ನೋವಿದ್ದರೆ ಮಾತ್ರ ಮದ್ದು ಹತ್ತಿದೆ ಎಂದಲ್ಲ, ನೋವಿಲ್ಲದವರಿಗೂ ಹತ್ತುತ್ತದೆ ಎಂದು ತಿದ್ದಿದೆ. ತಿದ್ದದೆ ಬಿಟ್ಟಿದ್ದರೆ ಅವಳು ನೋವನ್ನು ಇನ್ನೊಂದು ಹರಕೆ ಮಾಡಿಕೊಳ್ಳುತ್ತಿದ್ದಳು.

ಇದಿಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಬಲಗೈ ಹೆಬ್ಬೆರಳು ಸಿಕ್ಕಿಕೊಳ್ಳತೊಡಗಿತು. ಮಡಚಿದರೆ ಟಕ್ಕೆಂದು ಅಲ್ಲೇ ನಿಲ್ಲುತ್ತಿತ್ತು, ಇನ್ನೊಂದು ಕೈಯಿಂದ ಹಿಡಿದು ಬಿಡಿಸಬೇಕು. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬೆರಳು ಮಡಚುವ ಸ್ನಾಯುರಜ್ಜುವಿನ ಹೊದಿಕೆ ಊದಿಕೊಂಡು ಹೀಗಾಗುವುದುಂಟು. ಹೆಬ್ಬೆರಳಿನ ಬುಡಕ್ಕೆ ಒಂದು ಇಂಜೆಕ್ಷನ್ ಕೊಡಿಸಿದೆವು, ಪಟ್ಟಿ ಕಟ್ಟಿದೆವು. ಬಿಟ್ಟುಕೊಂಡಿತು. ಹಾಲು ಕರೆಯಲು ಕೂತಳು, ಮತ್ತೆ ಸಿಕ್ಕಿಕೊಂಡಿತು. ಮೂಳೆ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಬಿಗಿಹಿಡಿದು ಹಿಂಡುವ ಕೆಲಸ ಈ ಕೈಗೆ ಇನ್ನು ಆಗದು. ಮಾಡುತ್ತಲೇ ಇದ್ದರೆ ಒಂದು ದಿನ ಬಿಡಿಸಲಾಗದ ಹಾಗೆ ನಿಂತುಬಿಡುತ್ತದೆ.

ಅತ್ತೆ ಕರೆಯಲು ಕೂತಳು. ಸೂಜಿಯಿಲ್ಲದ ಹಸು ಈಗ ಸೊಸೆಯ ಕೈಗೆ ಮಾತ್ರ ಇಳಿಸುತ್ತಿತ್ತು. ಬಿಂದಿಗೆ ಒದ್ದು ಅಂಗಳಕ್ಕೆ ಉರುಳಿಸಿತು. ಭಾನುವಾರ ಗಂಡ ಕೂತ, ಅವನಿಗೂ ಅದೇ ಮರ್ಯಾದೆ. ಕರೆಯುವ ಯಂತ್ರದ ಮಾತು ಬಂತು. ಒಂದು ಹಸುವಿಗೆ ಯಾರು ಯಂತ್ರ ಇಡುತ್ತಾರೆ?

ಗುರುವಾರ ಅತ್ತೆಯೂ ಜೊತೆಗೆ ಬಂದಳು. ಕ್ಲಿನಿಕ್ಕಿನ ಜಗಲಿಯಲ್ಲೇ ಪಂಚಾಯ್ತಿ.

"ಸೂಜಿ ಕೊಟ್ರೆ ನಾನೇ ಕರೀತೀನಿ. ಒಂದು ಚುಚ್ಚಿದ್ರೆ ಮುಗೀತು" ಎಂದಳು ಅತ್ತೆ.

"ಬ್ಯಾಡ."

"ಅಂಗಾದ್ರೆ ಮಾತ್ರೆ ಬಿಡು, ನೀನೇ ಕರಿ. ಎರಡೂ ಆಗಲ್ಲ ಅಂದ್ರೆ ಎಂಗಲೇ?"

ಅವಳು ನನ್ನ ಕಡೆ ನೋಡಿದಳು. ನಾನು ಏನು ಹೇಳಬಹುದಿತ್ತೋ ಅದನ್ನು ಆಗಲೇ ಹೇಳಿ ಆಗಿತ್ತು. ಮಾತ್ರೆಯ ಪರವಾಗಿ ಇನ್ನೊಂದು ಮಾತಾಡಿದರೂ ಅದು ಹಸುವಿನ ವಿರುದ್ಧದ ಮಾತಾಗುತ್ತಿತ್ತು. ತೀರ್ಮಾನವನ್ನು ಅವಳಿಗೇ ಬಿಟ್ಟೆ. ನನಗೆ ಅದು ಸುಲಭವಲ್ಲ.

"ಈಗ ಗಬ್ಬ ಐತೆ" ಎಂದಳು ಸೊಸೆ. "ತುಂಬ್ತಾ ಬಂದೈತೆ. ಬತ್ತಿಸೋ ಒತ್ತೇ. ಅಲ್ಲೀಗಂಟ ಎಡಗೈಲಿ, ಎಂಗೋ, ಕರೀತೀನಿ. ಬತ್ತಿಸಿ ಕೊಟ್ಬಿಡಾನ. ಮುಂದಿನ ಕರು ಬೇರೆ ಮನ್ಯಾಗೆ ಉಟ್ಲಿ."

ಅತ್ತೆ ಸೊಸೆಯ ಮುಖ ನೋಡಿ, ಸೆರಗಿನಿಂದ ತನ್ನ ಮೂಗು ಒರೆಸಿಕೊಂಡು ಆ ಕಡೆ ತಿರುಗಿದಳು.

ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ, ಅವಳು ಫೋನಿನಲ್ಲಿ ಹೇಳಿದಳು. ಹಿಂಡಿ ಕಡಿಮೆ ಮಾಡಿದಳು. ಹೊತ್ತು ಬಿಟ್ಟು ಹೊತ್ತು ಕರೆದಳು. ಕರೆಯದ ಹೊತ್ತಿನಲ್ಲಿ ಹಸು ಅವಳ ಹೆಜ್ಜೆ ಸಪ್ಪಳ ಕೇಳಿ ಕೂಗುತ್ತಿತ್ತಂತೆ, ಕೆಚ್ಚಲಿನಿಂದ ಹಾಲು ತಾನೇ ತೊಟ್ಟಿಕ್ಕುತ್ತಿತ್ತಂತೆ. ಅದಕ್ಕೇ ಅವಳು ಕೆಲವು ದಿನ ಕೊಟ್ಟಿಗೆಯ ಕಡೆಗೆ ಹೋಗದೆ ಅತ್ತೆಯ ಕೈಯಲ್ಲೇ ಮೇವು ಹಾಕಿಸಿದಳು. ಬತ್ತಿದ ಮೇಲೆ ಕಾಮಸಮುದ್ರದ ಕಡೆಯ ಒಂದು ಮನೆಯವರು ಬಂದು ಹೊಡೆದುಕೊಂಡು ಹೋದರು.

"ಅದಕ್ಕೂ ಬತ್ತಿಸ್ದೆ, ನಾನೂ ಬತ್ತಿಸ್ಕಂಡೆ ಸಿಸ್ಟರಮ್ಮ" ಎಂದಳು. ನಾನು ಆ ವಾರದ ವ್ಯಾಯಾಮ ಮಾಡಿದೆಯಾ ಎಂದು ಕೇಳಿದೆ.

ಅವಳು ಈಗಲೂ ಬರುತ್ತಾಳೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಹೋದ ಗುರುವಾರ ಬಂದಾಗ ಆ ಹಸು ಕರು ಹಾಕಿದ ಸುದ್ದಿ ಹೇಳಿದಳು. ಹೆಣ್ಣು ಕರು, ಗಟ್ಟಿಮುಟ್ಟಾಗಿದೆಯಂತೆ.

"ಹೋಗಿ ನೋಡಿಕೊಂಡು ಬರಬಾರದಾ? ಬಸ್ಸಿದೆಯಲ್ಲ."

"ಬ್ಯಾಡ ಸಿಸ್ಟರಮ್ಮ. ನನ್ನ ವಾಸ್ನೆ ಬಂದ್ರೆ ಅದು ಆಲು ಇಳಿಸ್ಬಿಡ್ತದೆ. ಆ ಮನೆಯೋರ ಕೈಗೆ ಒಗ್ಗಲಿ, ಪಾಪ."

ಥರ್ಮಾಮೀಟರನ್ನು ಕೊಡವಿ ಅವಳ ಬಾಯಿಗಿಟ್ಟೆ. ಬಲಗೈಗೆ ಬಿ.ಪಿ. ಪಟ್ಟಿ ಕಟ್ಟಿದೆ. ಆಮೇಲೆ ಎರಡು ಬೆರಳು ಜೋಡಿಸಿ ಚಾಚಿದೆ.

ಹಿಡಿದಳು. ನಾಲ್ಕು ಬೆರಳೂ ಒಟ್ಟಿಗೆ ಮುಚ್ಚಿದವು, ಎಲ್ಲರೂ ಹಿಡಿಯುವ ಹಾಗೆ. ಬಿಗಿಯಾಗಿ, ಒಂದೇ ಸಮನಾಗಿ ಹಿಡಿದಿದ್ದಳು. ತುಟಿ ಕಚ್ಚಲಿಲ್ಲ. ಇನ್ನೊಂದು ಸಲ ಹಿಡಿ ಎಂದೆ. ಮತ್ತೆ ಹಾಗೆಯೇ.

"ಚೆನ್ನಾಗೈತಾ ಸಿಸ್ಟರಮ್ಮ?"

"ಚೆನ್ನಾಗಿದೆ" ಎಂದೆ.

ಅವಳ ಹಾಳೆಯಲ್ಲಿ, ಹಿಡಿತ ಸುಧಾರಿಸಿದೆ ಎಂದು ಬರೆದೆ. ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡು, ಸೆರಗಿನಿಂದ ಮುಚ್ಚಿಕೊಂಡು ಎದ್ದಳು. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಲಿಲ್ಲ. ಅವಳು ಬಸ್ ನಿಲ್ದಾಣದ ಕಡೆಗೆ ತಿರುಗುವವರೆಗೂ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು, ಮುಂದಿನವರನ್ನು ಕರೆದೆ.